ಹೊಸ ತಂಡ ಬಂದಾಗ ಹಳೆಯ ತಂಡವನ್ನು ಕಾಯುವುದು ಹೇಗೆ: ಎನ್‌ಎಚ್‌ಎಲ್ ವಿಸ್ತರಣಾ ಡ್ರಾಫ್ಟ್‌ಗೆ ಪಟ್ಟಿ ಸಿದ್ಧಪಡಿಸುವ ಕ್ರಮ

ಹಾಕಿ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಕೊಡಗಿನ ಮೈದಾನ. ಈ ಬರಹ ಅದರ ಬಗ್ಗೆ ಅಲ್ಲ. ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ಗೆ ಹೊಸ ತಂಡ ಸೇರಿದಾಗ ಹಳೆಯ ತಂಡಗಳು ತಮ್ಮ ಆಟಗಾರರಲ್ಲಿ ಯಾರನ್ನು ಕಟ್ಟಿಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಲೆಕ್ಕ ಇಲ್ಲಿದೆ. ಹಳೆಯ ತಂಡಗಳು ತಾವು ಉಳಿಸಿಕೊಳ್ಳುವವರ, ಅಂದರೆ ರಕ್ಷಿಸುವವರ ಪಟ್ಟಿ ಕೊಡುತ್ತವೆ, ಪಟ್ಟಿಯ ಹೊರಗುಳಿದವರಲ್ಲಿ ತಂಡಕ್ಕೊಬ್ಬನಂತೆ ಹೊಸ ತಂಡ ಆರಿಸಿಕೊಳ್ಳುತ್ತದೆ. ಇದೇ ವಿಸ್ತರಣಾ ಡ್ರಾಫ್ಟ್. ಟೊರೊಂಟೊ, ಸಿಯಾಟಲ್ ಕಡೆ ನೆಲೆಸಿ ಈ ಆಟದ ರುಚಿ ಹತ್ತಿಸಿಕೊಂಡವರಿಗೂ ವಿಡಿಯೊ ಗೇಮಿನಲ್ಲಿ ಜನರಲ್ ಮ್ಯಾನೇಜರ್ ಆಗಿ ತಂಡ ನಡೆಸುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

2017ರಲ್ಲಿ ವೇಗಸ್ ಗೋಲ್ಡನ್ ನೈಟ್ಸ್, 2021ರಲ್ಲಿ ಸಿಯಾಟಲ್ ಕ್ರಾಕನ್ ಹೀಗೆ ಹುಟ್ಟಿದ ತಂಡಗಳು. ಎರಡು ಸಲವೂ ನಿಯಮದ ಚೌಕಟ್ಟು ಬಹುತೇಕ ಒಂದೇ ಆಗಿತ್ತು. ಇಲ್ಲಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಮುಂದಿನ ಸಲ ಲೀಗ್ ಅಂಕಿಗಳನ್ನು ಬದಲಿಸಬಹುದು. ಹಾಗಾಗಿ ಕೆಲಸ ಶುರುಮಾಡುವ ಮುನ್ನ ಆ ವರ್ಷದ ನಿಯಮದ ಪ್ರತಿಯನ್ನು ಸಾಲುಸಾಲಾಗಿ ಓದಿಕೊಳ್ಳಿ.

ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. 2022ರಲ್ಲಿ ಲಖನೌ ಮತ್ತು ಗುಜರಾತ್ ತಂಡಗಳು ಐಪಿಎಲ್‌ಗೆ ಬಂದಾಗ ಹಳೆಯ ತಂಡಗಳು ಹೆಚ್ಚೆಂದರೆ ನಾಲ್ವರನ್ನು ಉಳಿಸಿಕೊಂಡು ಮಿಕ್ಕವರನ್ನೆಲ್ಲ ಬಿಟ್ಟುಕೊಡಬೇಕಾಯಿತು. ಎನ್‌ಎಚ್‌ಎಲ್‌ನಲ್ಲಿ ಹಾಗಿಲ್ಲ. ಪಟ್ಟಿಯಿಂದ ಹೊರಗೆ ಹತ್ತು ಜನ ಉಳಿದರೂ ಹೋಗುವವನು ಒಬ್ಬನೇ. ಈ ಡ್ರಾಫ್ಟ್‌ಗಳಲ್ಲಿ ತಂಡಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಆ ಒಬ್ಬನನ್ನು ಕಳೆದುಕೊಂಡಿದ್ದರಿಂದ ಅಲ್ಲ, ಅವನನ್ನು ಕಳೆದುಕೊಳ್ಳಬಾರದೆಂದು ಹೆದರಿ ಇನ್ನೊಬ್ಬನನ್ನೂ ಕೊಟ್ಟಿದ್ದರಿಂದ. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಈ ಮಾತನ್ನು ಮರೆಯಬೇಡಿ.

ಹೆಜ್ಜೆ 1: ಆಟಗಾರರನ್ನು ನಾಲ್ಕು ಗುಂಪು ಮಾಡಿ

ತಂಡದ ಒಪ್ಪಂದದಲ್ಲಿರುವ ಎಲ್ಲರ ಹೆಸರನ್ನೂ ಬರೆದುಕೊಳ್ಳಿ. ಕೆಳಹಂತದ ಎಎಚ್‌ಎಲ್ ಲೀಗಿನಲ್ಲಿ ಆಡುತ್ತಿರುವವರನ್ನು ಬಿಡಬೇಡಿ, ಬಹಳ ಜನ ತಪ್ಪುವುದು ಅಲ್ಲೇ. ಆಮೇಲೆ ಪ್ರತಿ ಹೆಸರನ್ನೂ ನಾಲ್ಕರಲ್ಲಿ ಒಂದು ಗುಂಪಿಗೆ ಹಾಕಿ: ವಿನಾಯಿತಿ ಇರುವವರು, ಕಡ್ಡಾಯವಾಗಿ ರಕ್ಷಿಸಬೇಕಾದವರು, ಆ ಬೇಸಿಗೆಯಲ್ಲಿ ಒಪ್ಪಂದ ಮುಗಿದು ಸ್ವತಂತ್ರರಾಗುವವರು, ಉಳಿದವರು.

ವೃತ್ತಿಪರ ಆಟದಲ್ಲಿ ಮೊದಲ ಅಥವಾ ಎರಡನೇ ವರ್ಷದಲ್ಲಿರುವವರಿಗೆ ವಿನಾಯಿತಿ ಇದೆ. ಎಳೆಯ ಆಟಗಾರರನ್ನು ಆರಿಸುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಆರಿಸಿಕೊಂಡಿದ್ದರೂ ಇನ್ನೂ ಸಹಿ ಮಾಡದ ಹುಡುಗರಿಗೂ ಇದೆ. ಇವರನ್ನು ಹೊಸ ತಂಡ ಮುಟ್ಟುವಂತಿಲ್ಲ, ಪಟ್ಟಿಯಲ್ಲಿ ಇವರಿಗೆ ಜಾಗವನ್ನೂ ಕೊಡಬೇಕಿಲ್ಲ. ಆದರೆ ಆ ‘ವರ್ಷ’ವನ್ನು ಎಣಿಸುವ ರೀತಿ ಸೂಕ್ಷ್ಮ. ಹತ್ತು ಪಂದ್ಯ ಆಡಿದರೆ ಒಂದು ವರ್ಷ ಲೆಕ್ಕಕ್ಕೆ ಬಂತು. 18, 19ರ ವಯಸ್ಸಿನವರಿಗೆ ಎನ್‌ಎಚ್‌ಎಲ್ ಪಂದ್ಯಗಳು ಮಾತ್ರ ಎಣಿಕೆಗೆ ಬರುತ್ತವೆ, 20 ದಾಟಿದವರಿಗೆ ಎಎಚ್‌ಎಲ್ ಪಂದ್ಯಗಳೂ ಸೇರುತ್ತವೆ. ಕೊಲರಾಡೊ ತಂಡದ ಕೇಲ್ ಮಕಾರ್ ಕಾಲೇಜು ಆಟ ಮುಗಿಸಿ 2019ರ ಪ್ಲೇಆಫ್‌ಗೆ ನೇರವಾಗಿ ಬಂದು 10 ಪಂದ್ಯ ಆಡಿದರು. 2021ರಲ್ಲಿ ಕೊಲರಾಡೊ ಅವರಿಗಾಗಿ ಪಟ್ಟಿಯಲ್ಲಿ ಒಂದು ಜಾಗ ಕೊಡಬೇಕಾಯಿತು. ಅದೇ ವಸಂತದಲ್ಲಿ ವ್ಯಾಂಕೂವರ್‌ಗೆ ಬಂದ ಕ್ವಿನ್ ಹ್ಯೂಸ್ 5 ಪಂದ್ಯ ಮಾತ್ರ ಆಡಿದ್ದರು, ಅವರಿಗೆ ವಿನಾಯಿತಿ ಸಿಕ್ಕಿತು. ಡ್ರಾಫ್ಟ್ ಬರಲಿದೆ ಎಂದು ಎರಡು ವರ್ಷ ಮೊದಲೇ ಗೊತ್ತಿದ್ದರೆ ಹೊಸ ಹುಡುಗನನ್ನು ಒಂಬತ್ತನೇ ಪಂದ್ಯಕ್ಕೆ ನಿಲ್ಲಿಸುವುದೋ ಬೇಡವೋ ಎಂಬ ಪ್ರಶ್ನೆಯನ್ನು ಕೋಚ್ ಜತೆ ಕೂತು ತೀರ್ಮಾನಿಸಬೇಕು. ಮಕಾರ್‌ನಂಥವರನ್ನು ಪ್ಲೇಆಫ್‌ನಲ್ಲಿ ಆಡಿಸದೆ ಕೂರಿಸುವುದು ಮೂರ್ಖತನ. ಆದರೆ ಮಾರ್ಚ್ ತಿಂಗಳಲ್ಲಿ ಆಗಲೇ ಹೊರಬಿದ್ದ ತಂಡಕ್ಕೆ ಆ ಹತ್ತನೇ ಪಂದ್ಯದಿಂದ ಏನೂ ಸಿಗುವುದಿಲ್ಲ.

ಇಲ್ಲೇ ಇನ್ನೊಂದು ಎಚ್ಚರಿಕೆ. ಎಎಚ್‌ಎಲ್‌ಗೆ ಇಳಿಸುವಾಗ ಅನ್ವಯಿಸುವ ವೇವರ್ (ಇಳಿಯುವವನನ್ನು ಬೇರೆ ತಂಡಗಳು ಪಡೆಯಬಹುದಾದ ಅವಕಾಶ) ವಿನಾಯಿತಿಯೇ ಬೇರೆ, ಈ ವಿನಾಯಿತಿಯೇ ಬೇರೆ. ಒಂದಿದ್ದವನಿಗೆ ಇನ್ನೊಂದು ಇರಲೇಬೇಕೆಂದಿಲ್ಲ.

ಒಪ್ಪಂದ ಮುಗಿಯಲಿರುವ ಸ್ವತಂತ್ರ ಆಟಗಾರರಿಗೆ ಪಟ್ಟಿಯ ಜಾಗ ಖರ್ಚು ಮಾಡಬೇಡಿ. 2021ರಲ್ಲಿ ವಾಷಿಂಗ್ಟನ್ ತಂಡ ತಾರಾ ಆಟಗಾರ ಅಲೆಕ್ಸಾಂಡರ್ ಒವೆಚ್ಕಿನ್ ಅವರನ್ನೇ ಪಟ್ಟಿಯಿಂದ ಹೊರಗಿಟ್ಟಿತು, ಕೊಲರಾಡೊ ತನ್ನ ನಾಯಕ ಗೇಬ್ರಿಯೆಲ್ ಲ್ಯಾಂಡೆಸ್ಕೋಗ್ ಅವರನ್ನು. ಡ್ರಾಫ್ಟ್ ಮುಗಿದು ಕೆಲವೇ ದಿನಗಳಲ್ಲಿ ಇಬ್ಬರೂ ಹಳೆಯ ತಂಡಕ್ಕೇ ಸಹಿ ಹಾಕಿದರು. ಒಪ್ಪಂದಕ್ಕೆ ಮುಂಚಿತವಾಗಿ ಸಹಿ ಹಾಕಿಸಿಬಿಟ್ಟರೆ ಆತ ಈ ಗುಂಪಿನಿಂದ ಆಚೆ ಬಂದು ಒಂದು ಜಾಗ ತಿನ್ನುತ್ತಾನೆ. ಆದ್ದರಿಂದ ಮಾತು ಮುಗಿಸಿಡಿ, ಸಹಿ ಆಮೇಲೆ. ಆದರೆ ಆ ಆಟಗಾರ ನಿಜಕ್ಕೂ ನಿಮ್ಮಲ್ಲೇ ಉಳಿಯಲು ಬಯಸುತ್ತಾನೆಂಬ ಭರವಸೆ ಇರಬೇಕು. ಪಟ್ಟಿ ಹೊರಬಿದ್ದ ಮೇಲೆ ರಕ್ಷಣೆಯಿಲ್ಲದ ಸ್ವತಂತ್ರ ಆಟಗಾರರ ಜತೆ ಕೆಲವು ದಿನ ಹೊಸ ತಂಡ ಮಾತ್ರ ಮಾತಾಡಬಹುದು. ಎಡ್ಮಂಟನ್ ತಂಡದ ಡಿಫೆಂಡರ್ ಆ್ಯಡಮ್ ಲಾರ್ಸನ್, ಡಲಾಸ್‌ನ ಜೇಮಿ ಒಲೆಕ್ಸಿಯಾಕ್ ಆ ದಿನಗಳಲ್ಲೇ ಸಿಯಾಟಲ್‌ಗೆ ಒಲಿದರು. ಹಾಗೆ ಹೋದವನನ್ನೇ ಆ ತಂಡದಿಂದ ಆರಿಸಿದ ಒಬ್ಬ ಎಂದು ಎಣಿಸಲಾಗುತ್ತದೆ.

ಹೆಜ್ಜೆ 2: ನೋ-ಮೂವ್‌ಮೆಂಟ್ ಷರತ್ತಿನ ಗಂಟು ಬಿಡಿಸಿ

ಒಪ್ಪಂದದಲ್ಲಿ ನೋ-ಮೂವ್‌ಮೆಂಟ್ ಷರತ್ತು ಇರುವವನನ್ನು ಆತನ ಒಪ್ಪಿಗೆ ಇಲ್ಲದೆ ಬಯಲಿಗೆ, ಅಂದರೆ ಪಟ್ಟಿಯ ಹೊರಗೆ, ಬಿಡುವಂತಿಲ್ಲ. ಪಟ್ಟಿಯ ಒಂದು ಜಾಗ ಅವನದೇ. ನೋ-ಟ್ರೇಡ್ ಷರತ್ತು (ಬೇರೆ ತಂಡದ ಜತೆ ಅದಲುಬದಲು, ಅಂದರೆ ಟ್ರೇಡ್, ಮಾಡಬಾರದೆಂಬುದು) ಮಾತ್ರ ಇರುವವನಿಗೆ ಈ ಹಕ್ಕಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ಪಟ್ಟಿ ಕಟ್ಟಿದರೆ ಒಂದು ಜಾಗ ಸುಮ್ಮನೆ ಹಾಳಾಗುತ್ತದೆ. ಒಪ್ಪಂದದ ಮೂಲ ಪಾಠವನ್ನೇ ನೋಡಿ, ಏಕೆಂದರೆ ಕೆಲವರ ಷರತ್ತು ಕೆಲವು ವರ್ಷಗಳಿಗಷ್ಟೇ ಇರುತ್ತದೆ.

ಗಂಟು ಬಿಡಿಸಲು ಮೂರು ದಾರಿ ಇವೆ. ಒಂದು, ಆಟಗಾರನನ್ನೇ ಕೇಳುವುದು. ಪಿಟ್ಸ್‌ಬರ್ಗ್‌ನ ಗೋಲಿ (ಗೋಲ್‌ಕೀಪರ್) ಮಾರ್ಕ್-ಆಂದ್ರೆ ಫ್ಲೂರಿ 2017ರಲ್ಲಿ ಷರತ್ತು ಬಿಟ್ಟುಕೊಟ್ಟರು. ಅದರಿಂದ ಎಳೆಯ ಗೋಲಿ ಮ್ಯಾಟ್ ಮರ್ರಿಯನ್ನು ತಂಡ ಉಳಿಸಿಕೊಂಡಿತು. 2021ರಲ್ಲಿ ಮಾಂಟ್ರಿಯಲ್‌ನ ಕೆರಿ ಪ್ರೈಸ್ ಕೂಡ ಬಿಟ್ಟುಕೊಟ್ಟರು. ವರ್ಷಕ್ಕೆ 1.05 ಕೋಟಿ ಡಾಲರ್ ಲೆಕ್ಕದ ಅವರ ಒಪ್ಪಂದ 2026ರವರೆಗೂ ಇತ್ತು. ಸಿಯಾಟಲ್ ಅದನ್ನು ಹೊರಲಾರದು ಎಂದು ಮಾಂಟ್ರಿಯಲ್ ಅಂದಾಜಿಸಿ ಎರಡನೇ ಗೋಲಿ ಜೇಕ್ ಆ್ಯಲನ್ ಅವರನ್ನು ರಕ್ಷಿಸಿತು. ಅಂದಾಜು ಸರಿಯಾಯಿತು. ಸಿಯಾಟಲ್ ಮಾಂಟ್ರಿಯಲ್‌ನಿಂದ ಕೇಲ್ ಫ್ಲೂರಿ ಎಂಬ ಯುವ ಡಿಫೆಂಡರ್‌ನನ್ನು ತೆಗೆದುಕೊಂಡಿತು. ಈ ಪ್ರಶ್ನೆಯನ್ನು ಕೇಳಬೇಕಾದದ್ದು ಚಳಿಗಾಲದಲ್ಲಿ, ಏಜೆಂಟ್ ಮೂಲಕ, ಪ್ರೈಸ್ ವಿಷಯದಲ್ಲಿದ್ದಂತೆ ಸ್ಪಷ್ಟ ಕಾರಣ ಮುಂದಿಟ್ಟು. ಕೊನೆಯ ವಾರದಲ್ಲಿ ಕೇಳಿದರೆ ಆಟಗಾರನಿಗೆ ಅವಮಾನವಾಗುತ್ತದೆ, ಉತ್ತರವೂ ‘ಇಲ್ಲ’ ಎಂದೇ ಬರುತ್ತದೆ.

ಎರಡನೆಯದು ಟ್ರೇಡ್. ಅದಕ್ಕೂ ಅವನ ಒಪ್ಪಿಗೆ ಬೇಕು.

ಮೂರನೆಯದು ಬೈಔಟ್, ಅಂದರೆ ಒಪ್ಪಂದವನ್ನು ಹಣ ಕೊಟ್ಟು ಮುಗಿಸುವುದು. ಇದರ ಬೆಲೆ ನಿಧಾನವಾಗಿ ಗೊತ್ತಾಗುತ್ತದೆ. 26 ದಾಟಿದವನಿಗೆ ಉಳಿದ ಸಂಬಳದ ಮೂರರಲ್ಲಿ ಎರಡು ಭಾಗವನ್ನು, ಉಳಿದ ವರ್ಷಗಳ ಎರಡರಷ್ಟು ಕಾಲದಲ್ಲಿ ಹಂಚಿ ಕೊಡಬೇಕು. ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಸಂಬಳ ಮಿತಿಯ ಲೆಕ್ಕದಲ್ಲೂ ಅದರ ಹೊರೆ ಅಷ್ಟು ವರ್ಷ ಉಳಿಯುತ್ತದೆ. ಮಿನೆಸೋಟ 2021ರ ಜುಲೈ 13ರಂದು ಝಾಕ್ ಪರೀಸೆ ಮತ್ತು ರಯಾನ್ ಸೂಟರ್ ಇಬ್ಬರನ್ನೂ ಹೀಗೆ ಬಿಟ್ಟಿತು. ಇಬ್ಬರಿಗೂ ನೋ-ಮೂವ್‌ಮೆಂಟ್ ಷರತ್ತಿತ್ತು, ಇಬ್ಬರ ಒಪ್ಪಂದದಲ್ಲೂ ನಾಲ್ಕು ವರ್ಷ ಬಾಕಿ ಇತ್ತು. ಪಟ್ಟಿಯಲ್ಲಿ ಎರಡು ಜಾಗ ತೆರೆದು ಡಿಫೆಂಡರ್ ಮ್ಯಾಟ್ ಡುಂಬಾ ಉಳಿದರು. ಆದರೆ 2022-23ರಲ್ಲಿ ಸುಮಾರು 1.27 ಕೋಟಿ ಡಾಲರ್, ಆಮೇಲಿನ ಎರಡು ವರ್ಷ ತಲಾ 1.47 ಕೋಟಿ ಡಾಲರ್ ಸಂಬಳ ಮಿತಿ, ತಂಡದಲ್ಲೇ ಇಲ್ಲದ ಇಬ್ಬರ ಹೆಸರಲ್ಲಿ ಕಟ್ಟಿಹೋಯಿತು. ಆ ತಂಡಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಒಂದು ಜಾಗಕ್ಕಾಗಿಯೇ ಬೈಔಟ್ ಮಾಡುವುದಾದರೆ ಈ ಲೆಕ್ಕವನ್ನು ವರ್ಷವರ್ಷವಾಗಿ ಬರೆದು ಎದುರಿಗಿಟ್ಟುಕೊಳ್ಳಿ.

ಯಾವ ದಾರಿಯೂ ತೆರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಅನಹೈಮ್ 2017ರಲ್ಲಿ ಕಂಡಿತು. ಹಿರಿಯ ಡಿಫೆಂಡರ್ ಕೆವಿನ್ ಬಿಯೆಕ್ಸಾ ಅವರ ಷರತ್ತಿಗೆ ಒಂದು ಜಾಗ ಹೋಯಿತು. ಜಾಶ್ ಮ್ಯಾನ್ಸನ್, ಸಾಮಿ ವಾಟಾನೆನ್ ಎಂಬ ಇಬ್ಬರು ಒಳ್ಳೆಯ ಡಿಫೆಂಡರ್‌ಗಳು ಹೊರಗುಳಿದರು. ಅದರ ಮುಂದಿನ ಕಥೆ ಹೆಜ್ಜೆ 6ರಲ್ಲಿದೆ.

ಹೆಜ್ಜೆ 3: 7-3-1 ಅಥವಾ 8-1

ನಿಮಗೆ ಎರಡು ಅಚ್ಚುಗಳಿವೆ. ಏಳು ಫಾರ್ವರ್ಡ್, ಮೂವರು ಡಿಫೆಂಡರ್, ಒಬ್ಬ ಗೋಲಿ. ಇಲ್ಲವೇ ಯಾವ ಸ್ಥಾನದವರಾದರೂ ಎಂಟು ಜನ, ಜತೆಗೆ ಒಬ್ಬ ಗೋಲಿ. ಮೊದಲನೆಯದರಲ್ಲಿ ಒಟ್ಟು 11 ಜನ, ಎರಡನೆಯದರಲ್ಲಿ 9.

ನಾಲ್ಕನೇ ಡಿಫೆಂಡರ್ ಬಹಳ ಒಳ್ಳೆಯವನು ಎಂದು ಕಂಡಾಗ ಎರಡನೇ ಅಚ್ಚಿನ ಕಡೆ ಮನಸ್ಸು ವಾಲುತ್ತದೆ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇವನು ಏಳನೇ ಫಾರ್ವರ್ಡ್‌ಗಿಂತ ಮೇಲೇ?’ ಎಂಬುದಲ್ಲ. ನಾಲ್ವರು ಡಿಫೆಂಡರ್ ಇಟ್ಟರೆ ಫಾರ್ವರ್ಡ್‌ಗಳಿಗೆ ಉಳಿಯುವುದು ನಾಲ್ಕೇ ಜಾಗ. ಒಬ್ಬ ಡಿಫೆಂಡರ್‌ನನ್ನು ಪಡೆಯಲು ಐದನೇ, ಆರನೇ, ಏಳನೇ ಫಾರ್ವರ್ಡ್ ಮೂವರನ್ನೂ ಬಿಟ್ಟಂತಾಯಿತು. ಐವರು ಡಿಫೆಂಡರ್ ಇಟ್ಟರೆ ಇಬ್ಬರಿಗಾಗಿ ನಾಲ್ವರು. ಹೀಗಿದ್ದರೂ ಹೋಗುವವನು ಒಬ್ಬನೇ ಆದ್ದರಿಂದ ಹೋಲಿಸಬೇಕಾದದ್ದು ಎರಡೇ ಹೆಸರುಗಳನ್ನು: ಮೊದಲ ಅಚ್ಚಿನಲ್ಲಿ ಹೊರಗುಳಿಯುವವರ ಪೈಕಿ ಅತ್ಯುತ್ತಮ ಯಾರು, ಎರಡನೆಯದರಲ್ಲಿ ಯಾರು? ಅವರಲ್ಲಿ ಕಡಿಮೆ ನಷ್ಟ ಯಾರಿಂದಲೋ ಆ ಅಚ್ಚು ನಿಮ್ಮದು.

2017ರಲ್ಲಿ ನ್ಯಾಶ್ವಿಲ್‌ಗೆ ಈ ಲೆಕ್ಕ ಕೂಡಿಬಂದಿತ್ತು. ಜೋಸಿ, ಸುಬಾನ್, ಎಲಿಸ್, ಎಕ್‌ಹೋಮ್ ಎಂಬ ನಾಲ್ವರೇ ತಂಡದ ಬೆನ್ನೆಲುಬು. ಅವರನ್ನಿಟ್ಟುಕೊಂಡು ಫಾರ್ವರ್ಡ್ ಜೇಮ್ಸ್ ನೀಲ್ ಅವರನ್ನು ಕಳೆದುಕೊಳ್ಳುವುದಕ್ಕೆ ತಂಡ ಸಿದ್ಧವಾಯಿತು. ಫ್ಲಾರಿಡಾ ಅದೇ ವರ್ಷ ಅದೇ ಅಚ್ಚನ್ನು ಆರಿಸಿತು. ಆದರೆ ಅದರ ಮೂರನೇ, ನಾಲ್ಕನೇ ಡಿಫೆಂಡರ್‌ಗಳು ಮಾರ್ಕ್ ಪೈಸಿಕ್ ಮತ್ತು ಅಲೆಕ್ಸ್ ಪೆಟ್ರೊವಿಕ್. ಹೊರಗುಳಿದವರಲ್ಲಿ ಹಿಂದಿನ ಋತುವಿನಲ್ಲಿ 30 ಗೋಲು ಹೊಡೆದ, ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ಮಾತ್ರ ಪಡೆಯುತ್ತಿದ್ದ ಜೊನಾಥನ್ ಮಾರ್ಷಸೊ ಇದ್ದರು. ಲೆಕ್ಕ ತಪ್ಪಿದ್ದು ಕಾಗದದ ಮೇಲೇ ಕಾಣುತ್ತಿತ್ತು.

ಟೊರೊಂಟೊದ 2021ರ ಲೆಕ್ಕ ಇನ್ನೂ ಸೂಕ್ಷ್ಮ. ಪಟ್ಟಿ ಒಪ್ಪಿಸುವ ಜುಲೈ 17ರಂದೇ ಪಿಟ್ಸ್‌ಬರ್ಗ್‌ನಿಂದ ಜಾರೆಡ್ ಮೆಕ್ಯಾನ್ ಎಂಬ ಫಾರ್ವರ್ಡ್‌ನನ್ನು ಅಗ್ಗಕ್ಕೆ ತಂದಿತು. ನಾಲ್ಕು ಫಾರ್ವರ್ಡ್, ನಾಲ್ಕು ಡಿಫೆಂಡರ್ ಅಚ್ಚು ಹಿಡಿದು ಜಸ್ಟಿನ್ ಹೋಲ್‌ನನ್ನು ಉಳಿಸಿಕೊಂಡಿತು, ಮೆಕ್ಯಾನ್ ಮತ್ತು ಅಲೆಕ್ಸಾಂಡರ್ ಕೆರ್ಫುಟ್ ಇಬ್ಬರನ್ನೂ ಬಯಲಿಗಿಟ್ಟಿತು. ಒಬ್ಬ ಹೋದರೆ ಇನ್ನೊಬ್ಬ ಉಳಿಯುತ್ತಾನೆ ಎಂಬುದು ಯೋಚನೆ. ವಿಧಾನದಲ್ಲಿ ತಪ್ಪಿಲ್ಲ, ಕೊಟ್ಟ ಬೆಲೆಯೂ ಕಡಿಮೆ. ಆದರೆ ಸಿಯಾಟಲ್ ಮೆಕ್ಯಾನ್‌ರನ್ನು ಒಯ್ದಿತು, ಅವರು 2022-23ರಲ್ಲಿ 40 ಗೋಲು ಹೊಡೆದರು. ಗುರಾಣಿಯಾಗಿ ತಂದವನೇ ಇಬ್ಬರಲ್ಲಿ ಮೇಲು ಎಂದು ಅನಿಸಿದರೆ ಪಟ್ಟಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಬೇಕು.

ಹೆಜ್ಜೆ 4: ಬಯಲಿಗಿಡಲೇಬೇಕಾದವರ ಕೋಟಾ

ಯಾರನ್ನು ಉಳಿಸುವುದು ಎಂದು ಯೋಚಿಸುವವರು ಯಾರನ್ನು ತೋರಿಸಬೇಕು ಎಂಬುದನ್ನು ಮರೆಯುತ್ತಾರೆ. ರಕ್ಷಣೆ ಇಲ್ಲದವರ ಪೈಕಿ ಮುಂದಿನ ಋತುವಿಗೂ ಒಪ್ಪಂದದಲ್ಲಿರುವ ಇಬ್ಬರು ಫಾರ್ವರ್ಡ್, ಒಬ್ಬ ಡಿಫೆಂಡರ್ ಇರಲೇಬೇಕು. ಅವರು ಸಾಕಷ್ಟು ಪಂದ್ಯಗಳನ್ನೂ ಆಡಿರಬೇಕು. 2017ರಲ್ಲಿ ಅದು ಹಿಂದಿನ ಋತುವಿನಲ್ಲಿ 40 ಪಂದ್ಯ ಅಥವಾ ಎರಡು ಋತು ಸೇರಿ 70. 2021ರಲ್ಲಿ ಋತು ಮೊಟಕಾಗಿದ್ದರಿಂದ 27 ಅಥವಾ 54. ಒಬ್ಬ ಗೋಲಿಯೂ ಹೊರಗಿರಬೇಕು, ಆದರೆ ಅವನಿಗೆ ಪಂದ್ಯದ ಲೆಕ್ಕವಿಲ್ಲ, ಒಪ್ಪಂದ ಇದ್ದರೆ ಸಾಕು. ಆತ ನಿರ್ಬಂಧಿತ ಸ್ವತಂತ್ರ ಆಟಗಾರನಾಗಿದ್ದರೆ (ಒಪ್ಪಂದ ಮುಗಿದರೂ ಹಕ್ಕು ಹಳೆಯ ತಂಡದ ಬಳಿಯೇ ಉಳಿಯುವವನು) ಆ ಹಕ್ಕು ಉಳಿಸಿಕೊಳ್ಳುವ ಅರ್ಹತಾ ಪ್ರಸ್ತಾಪವನ್ನಾದರೂ ಕೊಟ್ಟಿರಬೇಕು.

ಎಡವುವುದು ಸಾಮಾನ್ಯವಾಗಿ ಡಿಫೆಂಡರ್ ಸಾಲಿನಲ್ಲಿ. ಮೂವರನ್ನು ರಕ್ಷಿಸಿದ ಮೇಲೆ ಉಳಿದವರಲ್ಲಿ ಕೆಲವರ ಒಪ್ಪಂದ ಮುಗಿಯುತ್ತಿರುತ್ತದೆ, ಕೆಲವರು ಪಂದ್ಯಗಳನ್ನು ಮುಟ್ಟಿರುವುದಿಲ್ಲ. ಆಗ ನಿಯಮ ತುಂಬಲು ನೀವು ಉಳಿಸಿಕೊಳ್ಳಬೇಕೆಂದವನನ್ನೇ ಬಯಲಿಗಿಡಬೇಕಾಗುತ್ತದೆ. ಇದಕ್ಕೆ ಮದ್ದು ಅಗ್ಗ. ಆರನೇ ಅಥವಾ ಏಳನೇ ಡಿಫೆಂಡರ್‌ಗೆ ವಸಂತಕ್ಕೆ ಮೊದಲೇ ಒಂದು ವರ್ಷದ ಕನಿಷ್ಠ ಸಂಬಳದ ವಿಸ್ತರಣೆ ಕೊಡಿ. ಜನವರಿಯಲ್ಲೇ ಅವನ ಪಂದ್ಯಗಳನ್ನು ಎಣಿಸಿ. 36ರಲ್ಲಿ ನಿಂತಿದ್ದರೆ ಇನ್ನು ನಾಲ್ಕು ಪಂದ್ಯ ಆಡಿಸುವುದು ಕೋಚ್‌ಗೆ ಕಷ್ಟವೇನಲ್ಲ, ಏಪ್ರಿಲ್ ಮುಗಿದ ಮೇಲೆ ಮಾತ್ರ ಅಸಾಧ್ಯ. ಗಾಯದಿಂದ ಸತತ 60 ಪಂದ್ಯಗಳಿಗಿಂತ ಹೆಚ್ಚು ತಪ್ಪಿಸಿಕೊಂಡ, ಆಟಕ್ಕೆ ಮರಳುವುದು ಅನುಮಾನವಾದವನನ್ನು ಲೀಗಿನ ಒಪ್ಪಿಗೆ ಇಲ್ಲದೆ ಈ ಕೋಟಾಕ್ಕೆ ಬಳಸುವಂತಿಲ್ಲ.

ಹೆಜ್ಜೆ 5: ಎದುರಿಗೆ ಕೂತವನ ಕಣ್ಣಿಂದ ನೋಡಿ

ಹೊಸ ತಂಡಕ್ಕೂ ಕಟ್ಟುಪಾಡುಗಳಿವೆ. 30 ತಂಡಗಳಿಂದ ಒಬ್ಬೊಬ್ಬರನ್ನು ಆರಿಸುವಾಗ ಕನಿಷ್ಠ 14 ಫಾರ್ವರ್ಡ್, 9 ಡಿಫೆಂಡರ್, 3 ಗೋಲಿ ಇರಬೇಕು. ಕನಿಷ್ಠ 20 ಜನ ಮುಂದಿನ ಋತುವಿಗೆ ಒಪ್ಪಂದದಲ್ಲಿರಬೇಕು. ಒಟ್ಟು ಸಂಬಳ ಹಿಂದಿನ ಋತುವಿನ ಮಿತಿಯ ಶೇ 60ರಿಂದ 100ರೊಳಗೆ ಇರಬೇಕು. ಸಿಯಾಟಲ್‌ಗೆ ಮಿತಿ 8.15 ಕೋಟಿ ಡಾಲರ್, ಅಂದರೆ ಕೆಳಗಿನ ಗೆರೆ 4.89 ಕೋಟಿ. ಇಷ್ಟರೊಳಗೆ ಅವರು ಬಯಸುವುದು ಕಡಿಮೆ ಸಂಬಳದ, ವಯಸ್ಸು ಕಡಿಮೆ ಇರುವ, ಹಳೆಯ ತಂಡದಲ್ಲಿ ಅವಕಾಶ ಸಿಗದ ಆಟಗಾರನನ್ನು. ದೊಡ್ಡ ಹೆಸರು, ಉದ್ದ ಒಪ್ಪಂದ, 30 ದಾಟಿದ ವಯಸ್ಸು ಮೂರೂ ಕೂಡಿದವನನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಅಂಥವನಿಗೆ ಜಾಗ ಕೊಟ್ಟು ಎಳೆಯನನ್ನು ಹೊರಗಿಟ್ಟರೆ ಪಟ್ಟಿಯನ್ನು ಹೆಸರಿಗೆ ಕಟ್ಟಿದ ಹಾಗೆ, ತಂಡಕ್ಕೆ ಅಲ್ಲ.

ಎಲ್ಲ ತಂಡಗಳ ಪಟ್ಟಿಯನ್ನೂ ನೀವೇ ಅಂದಾಜಿಸಿ ನೋಡಿ. ಆ ವರ್ಷ ಬಯಲಲ್ಲಿ ಒಳ್ಳೆಯ ಗೋಲಿಗಳು ಹೇರಳವಾಗಿದ್ದರೆ ನಿಮ್ಮ ಗೋಲಿಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಹೆಚ್ಚುವರಿ ಆಟಗಾರನನ್ನು ಮೊದಲೇ ಮಾರುವುದಿದ್ದರೆ ಬೇಗ ಮಾರಿ. ಟ್ರೇಡ್ ಸ್ಥಗಿತಗೊಳ್ಳುವ ಹೊತ್ತು ಹತ್ತಿರವಾದಂತೆ ನಿಮ್ಮ ಇಕ್ಕಟ್ಟು ಎಲ್ಲರಿಗೂ ಕಾಣುತ್ತದೆ, ಬೆಲೆ ಕುಸಿಯುತ್ತದೆ. 2021ರಲ್ಲಿ ಜುಲೈ 17ರ ಮಧ್ಯಾಹ್ನ 3ಕ್ಕೆ ಟ್ರೇಡ್ ನಿಂತಿತು, 5ಕ್ಕೆ ಪಟ್ಟಿ ಒಪ್ಪಿಸಬೇಕಿತ್ತು. ಕೊಲರಾಡೊ ಅದಕ್ಕೆ ಎರಡು ದಿನ ಮೊದಲು ಡಿಫೆಂಡರ್ ರಯಾನ್ ಗ್ರೇವ್ಸ್ ಅವರನ್ನು ನ್ಯೂಜೆರ್ಸಿಗೆ ಕೊಟ್ಟು ಒಬ್ಬ ಯುವ ಫಾರ್ವರ್ಡ್ ಹಾಗೂ ವಾರ್ಷಿಕ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನ ಆಯ್ಕೆಯ ಹಕ್ಕನ್ನು ಪಡೆಯಿತು. ಬರಿಗೈಲಿ ಕಳೆದುಕೊಳ್ಳುವುದಕ್ಕಿಂತ ಎಷ್ಟೋ ವಾಸಿ. ಪಟ್ಟಿಯಲ್ಲಿ ಖಾಲಿ ಜಾಗ ಇರುವ ತಂಡಗಳು ಯಾವುವು ಎಂದು ಗುರುತಿಸಿಕೊಂಡರೆ ಗಿರಾಕಿ ಸಿಗುತ್ತಾನೆ.

ಹೆಜ್ಜೆ 6: ಪಕ್ಕದ ಒಪ್ಪಂದ ಮಾಡುವ ಮುನ್ನ

‘ಇವನನ್ನು ಬಿಟ್ಟು ಅವನನ್ನು ತೆಗೆದುಕೊಳ್ಳಿ, ಬದಲಿಗೆ ಇದನ್ನು ಕೊಡುತ್ತೇವೆ’ ಎಂದು ಹೊಸ ತಂಡದೊಂದಿಗೆ ಮಾಡಿಕೊಳ್ಳುವ ಒಪ್ಪಂದ ನಿಯಮಬದ್ಧ. ಹೆಚ್ಚು ಹಾನಿ ಆದದ್ದೂ ಇಲ್ಲೇ.

ಅನಹೈಮ್ ಮ್ಯಾನ್ಸನ್ ಮತ್ತು ವಾಟಾನೆನ್‌ರನ್ನು ಉಳಿಸಿಕೊಳ್ಳಲು ಶೇ ಥಿಯೊಡೋರ್ ಎಂಬ ಎಳೆಯ ಡಿಫೆಂಡರ್‌ನನ್ನು ವೇಗಸ್‌ಗೆ ಕೊಟ್ಟಿತು, ವೇಗಸ್ ಕ್ಲೇಟನ್ ಸ್ಟೋನರ್ ಅವರನ್ನು ಆರಿಸಿತು. ಥಿಯೊಡೋರ್ ವೇಗಸ್‌ನ ಮುಖ್ಯ ಡಿಫೆಂಡರ್ ಆದರು. ಮಿನೆಸೋಟ ಇನ್ನೂ ವಿನಾಯಿತಿಯಲ್ಲೇ ಇದ್ದ ಅಲೆಕ್ಸ್ ಟಕ್‌ರನ್ನು ಕೊಟ್ಟಿತು, ಜತೆಗೆ ಎರಿಕ್ ಹೌಲಾ ಹೋದರು. ಹೌಲಾ ಮೊದಲ ಋತುವಿನಲ್ಲೇ 29 ಗೋಲು ಹೊಡೆದರು. ಕೊಲಂಬಸ್ ಒಂದು ಮೊದಲ ಸುತ್ತಿನ, ಒಂದು ಎರಡನೇ ಸುತ್ತಿನ ಆಯ್ಕೆ ಕೊಟ್ಟು, ಗಾಯದಿಂದ ಆಟ ನಿಂತಿದ್ದ ಡೇವಿಡ್ ಕ್ಲಾರ್ಕ್‌ಸನ್ ಅವರ ಒಪ್ಪಂದವನ್ನೂ ದಾಟಿಸಿತು. ವೇಗಸ್ ಆರಿಸಿದ ವಿಲಿಯಂ ಕಾರ್ಲ್‌ಸನ್ ಹಿಂದಿನ ವರ್ಷ 6 ಗೋಲು ಹೊಡೆದಿದ್ದವರು, ಅಲ್ಲಿ 43 ಹೊಡೆದರು. ಫ್ಲಾರಿಡಾ ಅಂತೂ ಮಾರ್ಷಸೊ ಜತೆ ರೈಲಿ ಸ್ಮಿತ್ ಅವರನ್ನೂ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಬಿಟ್ಟುಕೊಟ್ಟಿತು. 2023ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ವೇಗಸ್ ಸೋಲಿಸಿದ್ದು ಇದೇ ಫ್ಲಾರಿಡಾವನ್ನು. ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವರು ಮಾರ್ಷಸೊ.

ಒಪ್ಪಂದಕ್ಕೆ ಕೂರುವ ಮುನ್ನ ಮೂರು ಹೆಸರು ಬರೆಯಿರಿ: ಏನೂ ಮಾಡದಿದ್ದರೆ ಹೋಗುವವನು, ಒಪ್ಪಂದ ಮಾಡಿದರೆ ಹೋಗುವವನು, ಮೇಲೆ ಕೊಡುವುದು. ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದದ್ದೇ ನೀವು ಕೊಡಬಹುದಾದ ಗರಿಷ್ಠ ಬೆಲೆ. ವಿನಾಯಿತಿಯಲ್ಲಿರುವ ಹುಡುಗನನ್ನು ಕೊಡಬೇಡಿ. ನಿಯಮವೇ ಕಾಯುತ್ತಿರುವವನನ್ನು ಕೈಯಾರೆ ಒಪ್ಪಿಸುವುದಕ್ಕೆ ಅರ್ಥವಿಲ್ಲ. ಭಾರವಾದ ಸಂಬಳದ ಒಪ್ಪಂದವೊಂದು ಜತೆಗೇ ಹೋಗುವುದಿದ್ದರೆ ಮಾತ್ರ ಡ್ರಾಫ್ಟ್ ಆಯ್ಕೆ ಕೊಡುವುದನ್ನು ಯೋಚಿಸಬಹುದು. ಈ ಪಾಠ ತಂಡಗಳಿಗೆ ಹತ್ತಿತು: 2021ರಲ್ಲಿ ಸಿಯಾಟಲ್‌ನ ಜನರಲ್ ಮ್ಯಾನೇಜರ್ ಆಗಿದ್ದ ರಾನ್ ಫ್ರಾನ್ಸಿಸ್ ಅವರ ಬಳಿಗೆ ಅಂಥ ದೊಡ್ಡ ಕೊಡುಗೆ ಹೊತ್ತು ಯಾರೂ ಹೋಗಲಿಲ್ಲ.

ಹೋಗುವವನು ಒಬ್ಬನೇ ಎಂಬ ನೆಮ್ಮದಿ ಎಲ್ಲ ಲೀಗ್‌ಗಳಲ್ಲೂ ಇಲ್ಲ. ಮಹಿಳೆಯರ ಐಸ್ ಹಾಕಿ ಲೀಗ್ ಆದ ಪಿಡಬ್ಲ್ಯುಎಚ್‌ಎಲ್ 2025ರಲ್ಲಿ ಸಿಯಾಟಲ್ ಮತ್ತು ವ್ಯಾಂಕೂವರ್ ತಂಡಗಳನ್ನು ಸೇರಿಸಿದಾಗ ಹಳೆಯ ಆರು ತಂಡಗಳು ಮೊದಲು ಮೂವರನ್ನಷ್ಟೇ ರಕ್ಷಿಸಬಹುದಿತ್ತು, ಇಬ್ಬರು ಹೋದ ಮೇಲೆ ಇನ್ನೊಬ್ಬರನ್ನು. ಪ್ರತಿ ತಂಡ ನಾಲ್ವರನ್ನು ಕಳೆದುಕೊಂಡಿತು. ಬೋಸ್ಟನ್‌ನ ನಾಯಕಿ ಹಿಲರಿ ನೈಟ್ ಸಿಯಾಟಲ್‌ಗೆ ಹೋದರು. ಅಲ್ಲಿ ಮೇಲಿನ ಲೆಕ್ಕ ನಡೆಯುವುದಿಲ್ಲ. ಮೊದಲ ಇಬ್ಬರು ಹೋದ ಕ್ಷಣಕ್ಕೆ ನಾಲ್ಕನೆಯವರು ಯಾರೆಂಬ ಎರಡನೇ ಪಟ್ಟಿ ಕೈಯಲ್ಲಿರಬೇಕು.

ಹೆಜ್ಜೆ 7: ಕೊನೆಯ ದಿನ ಮತ್ತು ಅದರ ಮರುದಿನ

ಪಟ್ಟಿ ಕಳಿಸುವ ಮುನ್ನ ಇಬ್ಬರು ಬೇರೆಬೇರೆಯಾಗಿ ಪರಿಶೀಲಿಸಲಿ. ಷರತ್ತು ಇರುವವರೆಲ್ಲ ಒಳಗಿದ್ದಾರೆಯೇ, ವಿನಾಯಿತಿ ಇರುವ ಯಾರಿಗಾದರೂ ಜಾಗ ಹಾಳಾಗಿದೆಯೇ, ಕೋಟಾದ ಮೂವರೂ ಗೋಲಿಯೂ ಹೊರಗಿದ್ದಾರೆಯೇ? ಹೊರಗಿಟ್ಟ ಪ್ರತಿ ಆಟಗಾರನಿಗೂ ಪಟ್ಟಿ ಬಹಿರಂಗವಾಗುವ ಮೊದಲೇ ಫೋನ್ ಮಾಡಿ ಕಾರಣ ಹೇಳಿ. ಅವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸೆಪ್ಟೆಂಬರ್‌ನಲ್ಲಿ ನಿಮ್ಮ ಶಿಬಿರಕ್ಕೇ ಬರುವವರು.

ಹೋದವನು ಹೋಗಿಯೇಬಿಟ್ಟ ಎಂದೇನೂ ಅಲ್ಲ. ಸಿಯಾಟಲ್ 2021ರಲ್ಲಿ ವಾಷಿಂಗ್ಟನ್‌ನ ಗೋಲಿ ವಿಟೆಕ್ ವಾನೆಚೆಕ್ ಅವರನ್ನು ಆರಿಸಿಕೊಂಡಿತು. ಕೆಲವೇ ದಿನಗಳಲ್ಲಿ ಫಿಲಿಪ್ ಗ್ರುಬಾವರ್ ಸ್ವತಂತ್ರ ಆಟಗಾರರಾಗಿ ಸಿಯಾಟಲ್‌ಗೆ ಸಹಿ ಹಾಕಿದರು, ಅಲ್ಲಿ ಗೋಲಿಗಳು ಹೆಚ್ಚಾದರು. ವಾಷಿಂಗ್ಟನ್ ಒಂದು ಎರಡನೇ ಸುತ್ತಿನ ಆಯ್ಕೆ ಕೊಟ್ಟು ವಾನೆಚೆಕ್‌ರನ್ನು ವಾಪಸ್ ಕರೆತಂದಿತು. ಟ್ರೇಡ್ ಮತ್ತೆ ತೆರೆದ ದಿನದಿಂದ ಒಂದು ವಾರ ಹೊಸ ತಂಡದ ಪಟ್ಟಿಯಲ್ಲಿ ಯಾವ ಸ್ಥಾನ ತುಂಬಿ ತುಳುಕುತ್ತಿದೆ ಎಂದು ನೋಡುತ್ತಿರಿ, ಕೈಯಲ್ಲಿ ಒಂದು ಡ್ರಾಫ್ಟ್ ಆಯ್ಕೆಯನ್ನು ಉಳಿಸಿಕೊಂಡಿರಿ.